ಬೆಕ್ಕಿನ ಮೂಕಭಾಷೆ

ತೊಡೆಯ ಮೇಲೆ ಸುಖವಾಗಿ ಗುರುಗುಟ್ಟುತ್ತಿದ್ದ ಬೆಕ್ಕು ತಟ್ಟನೆ ತಿರುಗಿ ನೇವರಿಸುತ್ತಿದ್ದ ಕೈಯನ್ನೇ ಕಚ್ಚಿದರೆ, ಅದು ಕೃತಘ್ನ ಪ್ರಾಣಿಯೆಂದು ನಾವು ದೂರುವೆವು. ಆದರೆ ಬೆಕ್ಕು ಮುನ್ಸೂಚನೆಯಿಲ್ಲದೆ ಕಚ್ಚುವುದು ಅಪರೂಪ. ತನ್ನ ಅಸಮಾಧಾನವನ್ನು ಅದು ಬಾಲದಿಂದಲೂ ಕಿವಿಗಳಿಂದಲೂ ಮೊದಲೇ ತಿಳಿಸಿರುತ್ತದೆ. ಅದನ್ನು ಓದಲು ನಾವು ಕಲಿತಿರುವುದಿಲ್ಲ, ಅಷ್ಟೆ.

ಮನೆಯ ಬೆಕ್ಕಿನ ಪೂರ್ವಜ ಆಫ್ರಿಕದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತಾನೂ ಚಿಕ್ಕದಾದುದರಿಂದ ಅದು ದೊಡ್ಡ ಪ್ರಾಣಿಗಳಿಗೆ ಬಲಿಯಾಗುವುದೂ ಉಂಟು. ಆದುದರಿಂದ ಯಾರಾದರೂ ಬಿಗಿಯಾಗಿ ಹಿಡಿದರೆ ಬಿಡಿಸಿಕೊಳ್ಳಲು ಹೆಣಗುವುದು ಬೆಕ್ಕಿನ ಸಹಜಗುಣ.

ಬಾಲವನ್ನು ನೆಟ್ಟಗೆ ಮೇಲೆತ್ತಿ ನಮ್ಮೆಡೆಗೆ ಬರುವ ಬೆಕ್ಕು ಸ್ನೇಹವನ್ನು ಸೂಚಿಸುತ್ತದೆ. ಅದರ ಕೆನ್ನೆ, ಗದ್ದ, ಹಣೆಗಳಲ್ಲಿ ವಾಸನೆಯ ಗ್ರಂಥಿಗಳಿವೆ. ನಮ್ಮ ಕಾಲಿಗೆ ಮುಖವುಜ್ಜುವಾಗ ಅದು ತನ್ನ ಗುರುತನ್ನು ನಮ್ಮ ಮೇಲೆ ಇಡುತ್ತದೆ. ನಮ್ಮನ್ನು ನೋಡುತ್ತ ನಿಧಾನವಾಗಿ ಕಣ್ಣುಮಿಟುಕಿಸುವುದೂ ಸ್ನೇಹದ ಕುರುಹೇ. ಅಪರಿಚಿತನು ಹೀಗೆ ಕಣ್ಣುಮಿಟುಕಿಸಿದರೆ ಬೆಕ್ಕು ಅವನ ಬಳಿಗೆ ಬರುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ತೋರಿಸಿದರು.

ಇನ್ನು ಎಚ್ಚರಿಕೆಯ ಚಿಹ್ನೆಗಳು. ಬಾಲ ಅತ್ತಿತ್ತ ಬಡಿಯತೊಡಗುವುದು, ಕಿವಿಗಳು ಹಿಂದಕ್ಕೆ ಹೊರಳಿ ತಲೆಗೆ ಅಂಟಿಕೊಳ್ಳುವುದು, ಬೆನ್ನಿನ ಚರ್ಮ ಅಲೆಯಂತೆ ಅದುರುವುದು, ಮೈ ಬಿಗಿಯುವುದು: ಇವುಗಳಲ್ಲಿ ಒಂದು ಕಂಡರೂ ಕೈಯನ್ನು ಹಿಂತೆಗೆಯಬೇಕು. ಹೆದರಿದ ಬೆಕ್ಕು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕೂದಲನ್ನು ನಿಮಿರಿಸುವುದನ್ನು ಡಾರ್ವಿನ್ 1872ರಲ್ಲಿಯೇ ವರ್ಣಿಸಿದ್ದಾನೆ. ಗುರುಗುಟ್ಟುವುದನ್ನು ಮಾತ್ರ ಪೂರ್ತಿ ನಂಬಲಾಗದು. ನೋವಿನಲ್ಲಿಯೂ ಬೆಕ್ಕು ಗುರುಗುಟ್ಟುವುದುಂಟು. ಹೊಟ್ಟೆ ತೋರಿಸಿ ಹೊರಳುವುದು ನಂಬಿಕೆಯ ಲಕ್ಷಣವಾಗಿರಬಹುದು. ಆದರೆ ಅದು ಹೊಟ್ಟೆಯನ್ನು ಮುಟ್ಟಲು ಕೊಟ್ಟ ಆಹ್ವಾನವಲ್ಲ.

ಹಾಗಾದರೆ ಬೆಕ್ಕನ್ನು ನೇವರಿಸುವುದು ಹೇಗೆ? ಮೊದಲು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ನೀಡಿ, ಮೂಸಲು ಅವಕಾಶ ಕೊಡಬೇಕು. ಅದು ತಾನಾಗಿ ಮುಖವೊಡ್ಡಿದರೆ ಕೆನ್ನೆ, ಗದ್ದ, ಕಿವಿಯ ಬುಡಗಳನ್ನು ಮೃದುವಾಗಿ ಸವರಬಹುದು. ಹೊಟ್ಟೆಯನ್ನೂ ಬಾಲದ ಬುಡವನ್ನೂ ಮುಟ್ಟದಿರುವುದು ಮೇಲು. ನಾಲ್ಕಾರು ಸಲ ಸವರಿ ಕೈ ನಿಲ್ಲಿಸಿದಾಗ ಬೆಕ್ಕು ಮತ್ತೆ ಮೈಯುಜ್ಜಿದರೆ ಮುಂದುವರಿಸಬಹುದು. ಮುಖ ತಿರುಗಿಸಿದರೆ ಅಲ್ಲಿಗೇ ಬಿಡಬೇಕು. ಹೀಗೆ ಆಯ್ಕೆಯನ್ನು ಬೆಕ್ಕಿಗೇ ಬಿಡುವ ನಿಯಮಗಳನ್ನು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಆಶ್ರಯಧಾಮದ 100 ಬೆಕ್ಕುಗಳೊಡನೆ ಪರೀಕ್ಷಿಸಿದರು. ಜನರು ನಿಯಮಗಳನ್ನು ಕಲಿತು ಬಂದಾಗ ಬೆಕ್ಕುಗಳ ಸಿಡುಕು ಕಡಮೆಯಾಗಿ ಅಕ್ಕರೆ ಹೆಚ್ಚಿತೆಂದು 2021ರಲ್ಲಿ ಅವರು ಪ್ರಕಟಿಸಿದರು.

ಈ ಭಾಷೆಯನ್ನು ಕಲಿಯುವುದು ಕೇವಲ ವಿನೋದವಲ್ಲ. ರೇಬೀಸ್ ನಾಯಿಯಿಂದ ಮಾತ್ರವಲ್ಲದೆ ಬೆಕ್ಕಿನಿಂದಲೂ ತಗುಲಬಹುದು. ಅದರ ಲಕ್ಷಣಗಳು ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಕಚ್ಚಿದ ಅಥವಾ ಪರಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ಬೆಕ್ಕು 'ಸಾಕು' ಎಂದಾಗ ಅದನ್ನು ಅರಿತು ಕೈ ತೆಗೆದರೆ, ಅನೇಕ ವೇಳೆ ಆ ಪ್ರಸಂಗವೇ ಒದಗುವುದಿಲ್ಲ.