ಜವಾರಿ ಮಾಡುವ ಕಿಣ್ವ

ಧಾರವಾಡ-ಹುಬ್ಬಳ್ಳಿ ಸೀಮೆಯ ಗವಾಯಿಗಳ ಹಿಂದೆ ನಾದ ಹಿಡಿದು ನಿಂತ ತಂಬೂರಿಗಳಲ್ಲಿ ಎಷ್ಟೋ ತಂಬೂರಿಗಳು ಮಿರಜದಿಂದ ಬಂದವು. ಕಿರಾಣಾ ಘರಾನೆಯ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಈ ವಾದ್ಯಗಳನ್ನು ಮಾಡತೊಡಗಿದವರು ಶಿಕಲಗಾರರು, ಅಂದರೆ ಕತ್ತಿ-ಕಠಾರಿ ಮಸೆದು ಸರಿಮಾಡುತ್ತಿದ್ದ ಮನೆತನದವರು. ತಂಬೂರಿಯ ತಂತಿಗಳು ಕೂರುವ ಅಗಲವಾದ ಕುದುರೆ ವರ್ಷಗಟ್ಟಲೆ ಮೀಟಿದ ಮೇಲೆ ಸವೆಯುತ್ತದೆ. ಪ್ರತಿ ತಂತಿಯ ಕೆಳಗೂ ಕೂದಲೆಳೆಯಂಥ ಗೀರು ಬಿದ್ದು ದನಿ ಮಂಕಾಗುತ್ತದೆ. ಆಗ ಕುಶಲಕರ್ಮಿ ತಂತಿ ಸಡಿಲಿಸಿ, ಅರದಿಂದ ಕುದುರೆಯ ಮೈಯನ್ನು ನವಿರಾಗಿ ಉಜ್ಜಿ, ತಂತಿ ಬಿಗಿದು, ಮೀಟಿ ಕೇಳಿ, ಮತ್ತೆ ಉಜ್ಜುತ್ತಾನೆ. ಆಮೇಲೆ ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲು ಸಿಕ್ಕಿಸಿ ಅತ್ತಿತ್ತ ಸರಿಸುತ್ತಾನೆ. ಒಂದು ಜಾಗದಲ್ಲಿ ನಾದ ತಟಕ್ಕನೆ ಅರಳುತ್ತದೆ. ಈ ಕೆಲಸಕ್ಕೆ ಜವಾರಿ ಎಂದು ಹೆಸರು. ಮೈಯ ಬಾಗು ಹೇಗಿದೆ ಎಂಬುದರ ಮೇಲೆ ಅದು ಖುಲ್ಲಾ ಜವಾರಿಯಾಗಬಹುದು, ಬಂದ್ ಜವಾರಿಯಾಗಬಹುದು. ಸವೆದದ್ದನ್ನು ಸರಿಪಡಿಸುವುದು ಎಲ್ಲಿ ಮುಗಿದು ದನಿ ಕೂಡಿಸುವುದು ಎಲ್ಲಿ ಶುರುವಾಯಿತು ಎಂದು ಯಾರೂ ಗೆರೆ ಎಳೆಯಲಾರರು. ನಮ್ಮ ಜೀವಕೋಶಗಳೊಳಗಿನ ಡಿಎನ್‌ಎ ರಿಪೇರಿಯ ಬಗ್ಗೆಯೂ ಇದೇ ಮಾತು ಹೇಳಬೇಕು ಎಂಬುದು ನನ್ನ ವಾದ. ಹಾಳಾದ ಅಕ್ಷರವನ್ನು ತೆಗೆಯುವ ಕಿಣ್ವವೇ ಯಾವ ಜೀನು ಬಾಯಿ ಬಿಡಬೇಕು ಎಂಬುದನ್ನೂ ತೀರ್ಮಾನಿಸುತ್ತದೆ, ಅದೂ ಒಂದೇ ಕೈಚಳಕದಿಂದ.

ಡಿಎನ್‌ಎ ಗಟ್ಟಿ ಶಿಲಾಶಾಸನವೆಂದು ನಾವು ಭಾವಿಸುತ್ತೇವೆ. ಆದರೆ ಅದು ಮೈಯ ಬಿಸಿ ನೀರಿನಲ್ಲಿ ನೆನೆದಿರುವ ರಾಸಾಯನಿಕ, ತನ್ನಷ್ಟಕ್ಕೆ ಕೆಡುತ್ತಲೇ ಇರುತ್ತದೆ. ಅದರ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್ ತನ್ನ ಅಮೈನ್ ತುಣುಕನ್ನು ಕಳೆದುಕೊಂಡು ಯುರಾಸಿಲ್ ಆಗುವುದು ಒಂದೊಂದು ಕೋಶದಲ್ಲೂ ದಿನಕ್ಕೆ ನೂರಾರು ಸಲ ನಡೆಯುತ್ತದೆ. ಈ ಯುರಾಸಿಲನ್ನು ಹುಡುಕಿ ಕಿತ್ತುಹಾಕುವ ಕಿಣ್ವವನ್ನು ಸ್ವೀಡನ್ನಿನ ತೋಮಸ್ ಲಿಂಡಾಲ್ 1974ರಲ್ಲಿ ಗುರುತಿಸಿದರು. ಡಿಎನ್‌ಎ ರಿಪೇರಿಯ ಅಧ್ಯಯನಕ್ಕಾಗಿ 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಯುರಾಸಿಲ್ ಡಿಎನ್‌ಎಗೆ ಪರಕೀಯವಾದ್ದರಿಂದ ಅದನ್ನು ಹಿಡಿಯುವುದು ಸುಲಭ. ಕಷ್ಟ ಬರುವುದು ಸೈಟೋಸಿನ್ನಿಗೆ ಮೊದಲೇ ಮೀಥೈಲ್ ಎಂಬ ಪುಟ್ಟ ಗುರುತು ಅಂಟಿಕೊಂಡಿದ್ದಾಗ. ಅದು ಕೆಟ್ಟರೆ ಆಗುವುದು ಥೈಮಿನ್, ಅಂದರೆ ಡಿಎನ್‌ಎಯ ಅಧಿಕೃತ ಅಕ್ಷರಗಳಲ್ಲೇ ಒಂದು. ಎದುರಿನ ಎಳೆಯಲ್ಲಿ ಅದಕ್ಕೆ ಹೊಂದದ ಗ್ವಾನಿನ್ ಕೂತಿದೆ ಎಂಬುದೊಂದೇ ತಪ್ಪಿನ ಸುಳಿವು. ಆ ಹೊಂದಾಣಿಕೆಯಿಲ್ಲದ ಜೋಡಿಯನ್ನು ಬೆರಳಾಡಿಸಿ ಕಂಡುಹಿಡಿದು, ಥೈಮಿನನ್ನು ಸುರುಳಿಯಿಂದ ಹೊರಕ್ಕೆ ಮಗುಚಿ ಕತ್ತರಿಸುವ ಕಿಣ್ವ ಥೈಮಿನ್ ಡಿಎನ್‌ಎ ಗ್ಲೈಕೋಸೈಲೇಸ್, ಚಿಕ್ಕದಾಗಿ ಟಿಡಿಜಿ. ಕತ್ತರಿಸಿದ ಮೇಲೂ ಅದು ಖಾಲಿ ಜಾಗವನ್ನು ಬಿಗಿಯಾಗಿ ಹಿಡಿದುಕೊಂಡೇ ಇರುತ್ತದೆ. ಮುಂದಿನ ಕಿಣ್ವ ಎಳೆಯನ್ನು ಸೀಳುತ್ತದೆ, ಇನ್ನೊಂದು ಹೊಸ ಸೈಟೋಸಿನ್ ಕೂರಿಸುತ್ತದೆ, ಮತ್ತೊಂದು ಬೆಸೆಯುತ್ತದೆ.

ಆ ಮೀಥೈಲ್ ಗುರುತಿನ ಕೆಲಸವೇನು? ಜೀನಿನ ಆರಂಭದ ಭಾಗದಲ್ಲಿ ಅದು ದಟ್ಟವಾಗಿ ಅಂಟಿದರೆ ಸಾಮಾನ್ಯವಾಗಿ ಆ ಜೀನು ಮೌನವಾಗುತ್ತದೆ. ಕಣ್ಣಿನ ಕೋಶವೂ ಯಕೃತ್ತಿನ ಕೋಶವೂ ಒಂದೇ ಪುಸ್ತಕ ಇಟ್ಟುಕೊಂಡು ಬೇರೆಬೇರೆ ಪುಟ ಓದುವುದರಲ್ಲಿ ಈ ಗುರುತಿನ ಪಾತ್ರ ದೊಡ್ಡದು. ಗುರುತು ಅಂಟಿಸುವ ಕಿಣ್ವಗಳು ಬಹಳ ಹಿಂದೆಯೇ ಗೊತ್ತಿದ್ದವು. ಅದನ್ನು ಬಿಡಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ದಶಕಗಳ ಕಾಲ ಕಾಡಿತು, ಏಕೆಂದರೆ ಮೀಥೈಲ್ ಮತ್ತು ಸೈಟೋಸಿನ್ ನಡುವಿನ ಇಂಗಾಲದ ಬೆಸುಗೆಯನ್ನು ನೇರವಾಗಿ ಬಿಡಿಸುವುದು ತೀರ ಕಷ್ಟ. ಉತ್ತರದ ಮೊದಲರ್ಧ ಸಿಕ್ಕಿದ್ದು 2009ರಲ್ಲಿ, ಭಾರತೀಯ ಮೂಲದ ಅಂಜನಾ ರಾವ್ ಅವರ ಅಮೆರಿಕದ ಪ್ರಯೋಗಾಲಯದಲ್ಲಿ. ಟೆಟ್ ಎಂಬ ಕಿಣ್ವಗಳು ಮೀಥೈಲನ್ನು ಕೀಳುವುದಿಲ್ಲ, ಅದಕ್ಕೆ ಆಮ್ಲಜನಕ ಸೇರಿಸುತ್ತವೆ. ಒಂದು ಸಲ ಸೇರಿಸಿದರೆ ಹೈಡ್ರಾಕ್ಸಿಮೀಥೈಲ್, ಇನ್ನೂ ಮುಂದೆ ಹೋದರೆ ಫಾರ್ಮೈಲ್, ಕೊನೆಗೆ ಕಾರ್ಬಾಕ್ಸಿಲ್. ಉಳಿದರ್ಧ 2011ರಲ್ಲಿ ಬಂತು: ಈ ಕೊನೆಯ ಎರಡು ರೂಪಗಳನ್ನು ಕಂಡರೆ ಟಿಡಿಜಿ ಅವನ್ನು ಹಾಳಾದ ಅಕ್ಷರವೆಂದೇ ಬಗೆದು ಕತ್ತರಿಸಿಹಾಕುತ್ತದೆ. ಆ ಜಾಗಕ್ಕೆ ಬರುವುದು ಗುರುತಿಲ್ಲದ ಬರಿಯ ಸೈಟೋಸಿನ್. ಜೀನಿನ ಬಾಯಿಗೆ ಹಾಕಿದ್ದ ಮುದ್ರೆ ಹೋಯಿತು. ಕೋಶ ಬೇಕೆಂದೇ ಒಂದು ಅಕ್ಷರವನ್ನು ಕೆಟ್ಟದ್ದರಂತೆ ಮಾಡಿ, ತನ್ನದೇ ರಿಪೇರಿಯವನನ್ನು ಕರೆಯುತ್ತದೆ. ಎಷ್ಟು ಸಲ ಯೋಚಿಸಿದರೂ ಬೆರಗು ಕಡಿಮೆಯಾಗದ ಏರ್ಪಾಡು ಇದು.

ಟಿಡಿಜಿ ಇಲ್ಲದ ಇಲಿಮರಿ ತಾಯಿಯ ಹೊಟ್ಟೆಯಲ್ಲೇ, ಹನ್ನೊಂದು-ಹನ್ನೆರಡನೆಯ ದಿನದ ಹೊತ್ತಿಗೆ ಸಾಯುತ್ತದೆ ಎಂದು 2011ರಲ್ಲೇ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಇದಕ್ಕೆ ಸಹಜವಾದ ಆಕ್ಷೇಪವಿದೆ. ರಿಪೇರಿ ನಿಂತರೆ ತಪ್ಪುಗಳು ಗುಡ್ಡೆಬಿದ್ದು ಭ್ರೂಣ ಸಾಯುವುದು ಸಹಜವಲ್ಲವೇ, ಜೀನಿನ ನಿಯಂತ್ರಣವನ್ನು ಇಲ್ಲಿ ಏಕೆ ತರಬೇಕು? ಆಕ್ಷೇಪ ಬಲವಾದದ್ದೇ. ಆದರೆ ಮನುಷ್ಯರಲ್ಲಿರುವ ಇಂಥ ಹನ್ನೊಂದು ಗ್ಲೈಕೋಸೈಲೇಸ್‌ಗಳಲ್ಲಿ ಉಳಿದವನ್ನು ಒಂದೊಂದಾಗಿ ತೆಗೆದುಹಾಕಿದ ಇಲಿಗಳು ಹುಟ್ಟಿ ಬದುಕುತ್ತವೆ. ಆ ಕಿಣ್ವಗಳಲ್ಲಿ ಎಂಬಿಡಿ4 ಎಂಬುದು ಟಿಡಿಜಿ ಹಿಡಿಯುವ ತಪ್ಪು ಜೋಡಿಯನ್ನೇ ಹಿಡಿಯುತ್ತದೆ. ಅದಿಲ್ಲದ ಇಲಿಯಲ್ಲಿ ಮೀಥೈಲ್ ಜಾಗಗಳ ತಪ್ಪುಗಳು ನಿಜಕ್ಕೂ ಹೆಚ್ಚಾಗುತ್ತವೆ, ಇಲಿ ಮಾತ್ರ ಸಾಯುವುದಿಲ್ಲ. ಹಾಗಾದರೆ ಟಿಡಿಜಿ ಬೇರೇನೋ ಮಾಡುತ್ತಿರಲೇಬೇಕು. ಅದಿಲ್ಲದ ಕೋಶಗಳಲ್ಲಿ ಭ್ರೂಣದ ಬೆಳವಣಿಗೆಗೆ ಬೇಕಾದ ಜೀನುಗಳ ಆರಂಭದ ಭಾಗಗಳಿಗೆ ಮೀಥೈಲ್ ಅಂಟಿಕೊಂಡಿತ್ತು. 2013ರ ಅಧ್ಯಯನಗಳಲ್ಲಿ ಫಾರ್ಮೈಲ್, ಕಾರ್ಬಾಕ್ಸಿಲ್ ಗುರುತುಗಳು ಟಿಡಿಜಿ ಇಲ್ಲದ ಕಾಂಡಕೋಶಗಳಲ್ಲಿ ಎಲ್ಲೆಂದರಲ್ಲಿ ಬೀಳದೆ, ಜೀನುಗಳನ್ನು ಹೊತ್ತಿಸುವ ಸ್ವಿಚ್ಚಿನಂಥ ಭಾಗಗಳಲ್ಲೇ ಹೆಚ್ಚಾಗಿ ಶೇಖರಗೊಂಡವು. ಕಿಣ್ವವನ್ನು ಪೂರ್ತಿ ತೆಗೆಯದೆ, ಕತ್ತರಿಸುವ ಶಕ್ತಿಯನ್ನಷ್ಟೇ ಕಳೆದ ಇಲಿಯೂ ಉಳಿಯಲಿಲ್ಲ. ಅರ ಮೊಂಡಾದರೆ ಕುಶಲಕರ್ಮಿ ಎದುರಿಗೆ ಕೂತಿದ್ದರೂ ಜವಾರಿ ಆಗದು.

ಎರಡನೆಯ ಆಕ್ಷೇಪ ಅಪಾಯದ್ದು. ಮೀಥೈಲ್ ಗುರುತು ಸಾಮಾನ್ಯವಾಗಿ ಎದುರುಬದುರಿನ ಎರಡೂ ಎಳೆಗಳಲ್ಲಿರುತ್ತದೆ. ಎರಡನ್ನೂ ಒಟ್ಟಿಗೆ ಸೀಳಿದರೆ ಡಿಎನ್‌ಎ ಎರಡು ತುಂಡಾಗುತ್ತದೆ, ಅದು ಕೋಶಕ್ಕೆ ಬರಬಹುದಾದ ಅತಿ ಕೆಟ್ಟ ಗಾಯ. ಜೀನನ್ನು ಮಾತಾಡಿಸಲು ಪ್ರಕೃತಿ ಇಂಥ ಅಪಾಯಕ್ಕೆ ಕೈಹಾಕೀತೇ? 2016ರಲ್ಲಿ ಈ ಕಿಣ್ವಗಳನ್ನೆಲ್ಲ ಪ್ರನಾಳದಲ್ಲಿ ಸೇರಿಸಿ ನೋಡಿದಾಗ ಉತ್ತರ ಸಿಕ್ಕಿತು. ಕೆಲಸ ಸರದಿಯಲ್ಲಿ ನಡೆಯುತ್ತದೆ: ಒಂದು ಎಳೆಯ ರಿಪೇರಿ ಮುಗಿದ ಮೇಲೆಯೇ ಇನ್ನೊಂದರದ್ದು. ಖಾಲಿ ಜಾಗವನ್ನು ಬಿಡದೆ ಹಿಡಿದುಕೊಳ್ಳುವ ಟಿಡಿಜಿಯ ಗುಣ ಇಲ್ಲಿ ಅರ್ಥ ಪಡೆಯುತ್ತದೆ ಎಂದು ನನಗನ್ನಿಸುತ್ತದೆ.

ಎಲ್ಲ ಮೀಥೈಲನ್ನೂ ಟಿಡಿಜಿಯೇ ಬಿಡಿಸುತ್ತದೆ ಎಂದರೆ ಮಾತು ಅತಿಯಾದೀತು. ಕೋಶ ಇಬ್ಭಾಗವಾಗುತ್ತಾ ಹೋದಂತೆ ಹೊಸ ಎಳೆಗಳಿಗೆ ಗುರುತು ಹಾಕದೆ ಬಿಟ್ಟರೂ ಅದು ತೆಳುವಾಗುತ್ತದೆ. ಆದರೆ ಇಂತಿಷ್ಟೇ ಜಾಗದಲ್ಲಿ, ಕೋಶವಿಭಜನೆಗೆ ಕಾಯದೆ ಮುದ್ರೆ ಒಡೆಯಬೇಕಾದಾಗ ರಿಪೇರಿಯ ದಾರಿಯೇ ದಾರಿ. ಗಿಡಗಳಂತೂ ಇದರಲ್ಲಿ ನಮಗಿಂತ ಮುಂದೆ: ಅವುಗಳ ರಿಪೇರಿ ಕಿಣ್ವಗಳು ಮೀಥೈಲ್ ಅಂಟಿದ ಸೈಟೋಸಿನನ್ನೇ ನೇರವಾಗಿ ಕೀಳುತ್ತವೆ. ಟೊಮೆಟೊದಲ್ಲಿ ಅಂಥದ್ದೊಂದು ಕಿಣ್ವವನ್ನು ತಡೆದರೆ ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲವೆಂದು 2015ರಲ್ಲಿ ಕಂಡುಬಂತು.

ಇಷ್ಟು ತಿಳಿದ ಮೇಲೆ ಮಿರಜದ ಪಕ್ಕದ ಸಾಂಗ್ಲಿಯ ಪೇಟೆಯಲ್ಲಿ ಅರಿಶಿಣದ ರಾಶಿ ನೋಡುವವರಿಗೆ, ಈ ರಿಪೇರಿಯ ಮೇಲೆ ಅರಿಶಿಣದಿಂದ ಪ್ರಭಾವ ಬೀರಬಹುದೇ ಎಂಬ ಆಸೆ ಹುಟ್ಟಬಹುದು. ಟಿಡಿಜಿಯ ಜೊತೆಗಾರ ಪ್ರೋಟೀನುಗಳಲ್ಲಿ ಪಿ300 ಒಂದು. ಅದು ಟಿಡಿಜಿಗೆ ಅಸಿಟೈಲ್ ಗುರುತು ಅಂಟಿಸಿ ಮುಂದಿನ ಕಿಣ್ವ ಬರುವುದನ್ನು ಪ್ರಭಾವಿಸುತ್ತದೆ ಎಂದು 2002ರಲ್ಲಿ ತಿಳಿಯಿತು. ಆ ಪಿ300ನ್ನು ಅರಿಶಿಣದ ಕರ್ಕ್ಯುಮಿನ್ ತಡೆಯುತ್ತದೆ ಎಂದು 2004ರಲ್ಲಿ ತೋರಿಸಿದ್ದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ. ಹಾಗಾದರೆ ಸಾಂಗ್ಲಿ ಜಿಲ್ಲೆಯ ಜತ್ತದ ಕನ್ನಡ ಮನೆಗಳಲ್ಲಿ ರಾತ್ರಿ ಕುಡಿಯುವ ಅರಿಶಿಣದ ಹಾಲು ಜೀನುಗಳಿಗೆ ಜವಾರಿ ಮಾಡುತ್ತದೆಯೇ? ಪ್ರನಾಳದಲ್ಲಿ ಪಿ300ನ ಕೆಲಸವನ್ನು ಅರ್ಧಕ್ಕಿಳಿಸಲು ಬೇಕಾದದ್ದು ಸುಮಾರು 25 ಮೈಕ್ರೋಮೋಲಾರ್ ಕರ್ಕ್ಯುಮಿನ್. 2001ರ ತೈವಾನಿನ ಪರೀಕ್ಷೆಯೊಂದರಲ್ಲಿ ರೋಗಿಗಳು ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದಾಗಲೂ ರಕ್ತದಲ್ಲಿ ಸರಾಸರಿ ಕಂಡದ್ದು 2 ಮೈಕ್ರೋಮೋಲಾರಿಗಿಂತ ಕಡಿಮೆ. ಅರಿಶಿಣದ ಪುಡಿಯಲ್ಲಿ ನೂರಕ್ಕೆ ಮೂರು ಪಾಲು ಕರ್ಕ್ಯುಮಿನ್ ಎಂದು ಹಿಡಿದರೂ ಆ 8 ಗ್ರಾಂ ದಕ್ಕಿಸಿಕೊಳ್ಳಲು ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಪುಡಿ ತಿನ್ನಬೇಕು.