ಸಾಲು ಮುರಿದವರು ಯಾರು?

ಕಾಶಿಯ ಅಸ್ಸಿ ಘಾಟ್‌ನಿಂದ ಸ್ವಲ್ಪ ನಡೆದರೆ ತುಳಸಿ ಘಾಟ್. ತುಳಸೀದಾಸರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲೇ ಎಂಬ ನಂಬಿಕೆಯಿದೆ. ಅವರ ರಾಮಚರಿತಮಾನಸದ ಹಳೆಯ ಪೋಥಿಗಳಲ್ಲಿ, ಅಂದರೆ ಕೈಬರಹದ ಪ್ರತಿಗಳಲ್ಲಿ, ಪದ್ಯಗಳು ಇಂದಿನ ಅಚ್ಚಿನಂತೆ ಪಾದಕ್ಕೊಂದು ಸಾಲಾಗಿ ನಿಲ್ಲುವುದಿಲ್ಲ. ಹಾಳೆಯ ಅಂಚಿನವರೆಗೂ ಒಂದೇ ಸಮನೆ ಹರಿಯುತ್ತವೆ. ಎಲ್ಲಿ ನಿಲ್ಲಬೇಕೆಂದು ಹೇಳುವುದು ದಂಡ ಎಂಬ ನೆಟ್ಟಗೆರೆ. ನಮ್ಮ ತಾಳೆಗರಿಗಳಲ್ಲಿ ಷಟ್ಪದಿಯ ಕಥೆಯೂ ಇದೇ. ಭಾಮಿನಿ ಷಟ್ಪದಿಯ 14 ಮಾತ್ರೆಯ ಪಾದ, 23 ಮಾತ್ರೆಯ ಪಾದ ಕವಿಯ ಲೆಕ್ಕ. ಗರಿಯ ತುದಿಯಲ್ಲಿ ಸಾಲು ಮುರಿಯುವುದು ಲಿಪಿಕಾರನ ಅನಿವಾರ್ಯ. ಒಂದು ಪಠ್ಯದ್ದು, ಇನ್ನೊಂದು ಗರಿಯದ್ದು.

ಪ್ರೋಗ್ರಾಮಿಂಗ್ ಭಾಷೆಗಳನ್ನು ಕಟ್ಟಿದವರು ದಶಕಗಳ ಕಾಲ ತಡಕಾಡಿದ್ದು ಈ ಭೇದವನ್ನೇ.

ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಇಡುವ ಪಠ್ಯಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಸಿ ಭಾಷೆಯಲ್ಲಿ ಅದು ಆ ಸಾಲಿನಲ್ಲೇ ಮುಗಿಯಬೇಕು. ಹೊಸ ಸಾಲು ಬೇಕಿದ್ದರೆ ಅದಕ್ಕೊಂದು ಸಂಕೇತ ಬರೆಯಬೇಕು. 1995ರಲ್ಲಿ ಬಂದ ಜಾವಾ ಕೂಡ ಅದೇ ಕಟ್ಟುಪಾಡನ್ನು ಇಟ್ಟುಕೊಂಡಿತು. ಒಂದು ಷಟ್ಪದಿ ಬರೆಯಲು ಆರು ತುಂಡು, ಅವನ್ನು ಬೆಸೆಯಲು ಐದು ಕೂಡುಚಿಹ್ನೆ! ಪದ್ಯ ಓದಿಸಿಕೊಳ್ಳುವುದಾದರೂ ಹೇಗೆ?

ಹಲವು ಸಾಲುಗಳ ಪಠ್ಯಕ್ಕೆ ದಾರಿ ಇರಲಿಲ್ಲವೆಂದಲ್ಲ. 1979ರ ಯುನಿಕ್ಸ್ ಶೆಲ್‌ನಲ್ಲಿ ಮುಕ್ತಾಯದ ಪದವೊಂದನ್ನು ಮೊದಲೇ ಹೇಳಿದರೆ ಅದು ಬರುವವರೆಗಿನದೆಲ್ಲ ಪಠ್ಯ. ಪೈಥಾನ್ ಭಾಷೆ ಮೂರು ಉದ್ಧರಣ ಚಿಹ್ನೆಗಳನ್ನು ಒಟ್ಟಿಗೆ ಬಳಸಿತು. ನಿಜವಾದ ತೊಡಕು ಎಡ ಅಂಚಿನದು. ಪ್ರೋಗ್ರಾಮಿನ ಒಳಭಾಗಗಳನ್ನು ಎಂಟು ಸ್ಪೇಸ್ ಒಳಸರಿಸಿ ಬರೆದಾಗ ಪದ್ಯವೂ ಒಳಸರಿಯುತ್ತದೆ. ಆ ಎಂಟು ಸ್ಪೇಸ್ ಯಾರವು? ಪೈಥಾನ್ ಅಷ್ಟನ್ನೂ ಪಠ್ಯದೊಳಗೇ ಉಳಿಸಿತು. ಬೇಡವಾದರೆ ಬೇರೆ ಫಂಕ್ಷನ್ ಕರೆದು ಕಿತ್ತುಹಾಕಬೇಕು.

ಸ್ವಿಫ್ಟ್ ಭಾಷೆಯ 2017ರ 4ನೇ ಆವೃತ್ತಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಪಠ್ಯವನ್ನು ಮುಗಿಸುವ ಮೂರು ಚಿಹ್ನೆಗಳು ಎಷ್ಟು ಒಳಗೆ ನಿಂತಿವೆಯೋ ಅಲ್ಲಿಯವರೆಗಿನ ಜಾಗ ಪ್ರೋಗ್ರಾಮಿನದು, ಅದರಾಚೆಗಿನದು ಪಠ್ಯದ್ದು. ಯಾವ ಸಾಲಾದರೂ ಆ ಗೆರೆಗಿಂತ ಎಡಕ್ಕೆ ಬಂತೋ, ಪ್ರೋಗ್ರಾಮನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ತಪ್ಪೆಂದು ನಿಲ್ಲಿಸುತ್ತದೆ. ಇಲ್ಲಿ ಊಹೆಗೆ ಜಾಗವಿಲ್ಲ. ಬರೆದವರೇ ಗೆರೆ ಎಳೆದು ತೋರಿಸಿರುತ್ತಾರೆ.

ಜಾವಾ ತಡವಾಗಿ ಎಚ್ಚೆತ್ತಿತು. ಮೊದಲ ಪ್ರಸ್ತಾವ ಈ ಅಂಚಿನ ಕೆಲಸವನ್ನು ಲೈಬ್ರರಿಗೆ ಬಿಟ್ಟಿತ್ತು. 2018ರ ಡಿಸೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡರು. ಸಿದ್ಧವಾದ ವೈಶಿಷ್ಟ್ಯವೊಂದನ್ನು ಹೀಗೆ ತಡೆದು ಮತ್ತೆ ಯೋಚಿಸಲು ಧೈರ್ಯ ಬೇಕು. ಎರಡು ಸುತ್ತಿನ ಪ್ರಾಯೋಗಿಕ ಬಳಕೆಯ ಬಳಿಕ 2020ರ ಸೆಪ್ಟೆಂಬರಿನಲ್ಲಿ ಜಾವಾ 15ರೊಡನೆ 'ಟೆಕ್ಸ್ಟ್ ಬ್ಲಾಕ್' ಅಧಿಕೃತವಾಯಿತು. ಈಗ ಅತ್ಯಂತ ಎಡಕ್ಕಿರುವ ಸಾಲೇ ಅಂಚು. ಮುಕ್ತಾಯದ ಚಿಹ್ನೆಗಳು ಬೇರೆ ಸಾಲಿನಲ್ಲಿದ್ದರೆ ಆ ಸಾಲೂ ಲೆಕ್ಕಕ್ಕೆ ಬರುತ್ತದೆ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಬೀಳದೆ ಉಳಿದ ಸ್ಪೇಸ್‌ಗಳನ್ನು ಕಂಪೈಲರ್ ತೆಗೆಯುತ್ತದೆ. ವಿಂಡೋಸ್‌ನಲ್ಲಿ ಬರೆದರೂ ಲಿನಕ್ಸ್‌ನಲ್ಲಿ ಬರೆದರೂ ಸಾಲಿನ ಅಂತ್ಯ ಒಂದೇ ಆಗುತ್ತದೆ. ಪ್ರೋಗ್ರಾಮಿನ ಅನುಕೂಲಕ್ಕೆ ಮುರಿದ ಸಾಲು ಪಠ್ಯದಲ್ಲಿ ಮುರಿಯಬಾರದೆಂದರೆ ಕೊನೆಗೊಂದು ಹಿಮ್ಮುಖ ಓರೆಗೆರೆ (\) ಇಟ್ಟರೆ ಸಾಕು, ಎರಡೂ ಸಾಲು ಕೂಡಿಕೊಳ್ಳುತ್ತವೆ.