ಕೆಂದಳಿಲಿನ ದಾರಿ

ಹೋದ ಬೇಸಿಗೆ ರಜೆಗೆ ಮೊಮ್ಮಗಳು ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಬಂದಿದ್ದಳು. ಒಂದು ಬೆಳಗ್ಗೆ ರಸ್ತೆಯಾಚೆಯ ಗುಡ್ಡದಿಂದ ‘ಕಟಕಟಕಟ’ ಎಂದು ಗಟ್ಟಿಯಾದ ಸದ್ದು ಬಂತು.

“ಅಜ್ಜಾ, ಅದು ಯಾವ ಹಕ್ಕಿ?”

“ಹಕ್ಕಿಯಲ್ಲ ಪುಟ್ಟಿ, ಕೆಂದಳಿಲು” ಎಂದೆ.

ಇಬ್ಬರೂ ಹೋಗಿ ನೋಡಿದೆವು. ಕಾಡುಹಲಸಿನ ಮರದ ಮೇಲೆ, ಹಿಂಗಾಲುಗಳಿಂದ ಕೊಂಬೆ ಹಿಡಿದು ತಲೆಕೆಳಗಾಗಿ ಜೋತುಬಿದ್ದು, ಅದು ಹಣ್ಣು ಬಗೆಯುತ್ತಿತ್ತು. ಬೆನ್ನು ಕಡುಗೆಂಪು, ಹೊಟ್ಟೆ ಕೆನೆಬಣ್ಣ, ಮೈಗಿಂತ ಬಾಲವೇ ಉದ್ದ! ಪೇಟೆಯಲ್ಲಿ ಅವಳು ನೋಡುವ ಮೂರು ಗೆರೆಯ ಅಳಿಲಿನ ತೂಕ 100 ಗ್ರಾಂ ಆಸುಪಾಸು. ಇದು ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ.

“ಅದು ಕೆಳಗೆ ಬರೋದಿಲ್ವಾ?”

ಮಕ್ಕಳೇ, ಕೆಂದಳಿಲು ನೆಲಕ್ಕಿಳಿಯುವುದೇ ಅಪರೂಪ. ಉಣ್ಣುವುದು, ಮಲಗುವುದು, ಮರಿ ಸಾಕುವುದು ಎಲ್ಲವೂ ಮರದ ಮೇಲೆಯೇ. ಎಲೆ, ಕಡ್ಡಿ ಸೇರಿಸಿ ಚೆಂಡಿನಂಥ ಗೂಡು ಕಟ್ಟುತ್ತದೆ, ಒಂದಲ್ಲ, ಹಲವು. ಗೂಡು ತೆಳುವಾದ ಕೊಂಬೆಗಳಲ್ಲಿರುವುದರಿಂದ ಚಿರತೆಯಂಥ ಭಾರದ ಪ್ರಾಣಿ ಅಲ್ಲಿಗೆ ತಲುಪಲಾರದು. ಅಪಾಯ ಕಂಡರೆ ಕೊಂಬೆಗೆ ಅಂಟಿಕೊಂಡು ಅಲುಗದೆ ಇದ್ದುಬಿಡುತ್ತದೆ. ಮರದಿಂದ ಮರಕ್ಕೆ ಸುಮಾರು 20 ಅಡಿ ಜಿಗಿಯಬಲ್ಲದು. ಭಾರತದ ಕಾಡುಗಳನ್ನು ಬಿಟ್ಟರೆ ಬೇರೆ ದೇಶದಲ್ಲಿ ಇದು ಸಿಗುವುದಿಲ್ಲ. ನೆರೆಯ ಮಹಾರಾಷ್ಟ್ರಕ್ಕೆ ಇದೇ ರಾಜ್ಯಪ್ರಾಣಿ. ಅಲ್ಲಿ ಇದರ ಹೆಸರು ‘ಶೇಕರೂ’.

“ಹಾಗಾದ್ರೆ ನಮ್ಮನೆ ಅಂಗಳದ ಹಲಸಿಗೆ ಯಾಕೆ ಬರೋದಿಲ್ಲ?” ಎಂದಳು.

ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲೆಲ್ಲ ಬರುತ್ತಿತ್ತು. ರಸ್ತೆಯ ಎರಡೂ ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಿಕೊಂಡಿದ್ದವು. ಅಂಗಳಕ್ಕೆ ಲಾರಿ ಬರಲೆಂದು ನಮ್ಮ ಬದಿಯ ಎರಡು ದೊಡ್ಡ ನೇರಳೆ ಮರಗಳನ್ನು ಕಡಿಸಿದವನು ನಾನೇ. ಆಮೇಲೆ ಕೆಂದಳಿಲು ಬರಲಿಲ್ಲ. ಹಲಸು ಉಳಿಯಿತೆಂದು ಆಗ ಖುಷಿಪಟ್ಟಿದ್ದೆ. ನಮಗೆ ಹತ್ತಿಪ್ಪತ್ತು ಹೆಜ್ಜೆಯ ರಸ್ತೆ. ಅದಕ್ಕೋ ಸೇತುವೆ ಮುರಿದ ಹೊಳೆ.

ಅವಳು ಬೈಯಲಿಲ್ಲ. “ಮತ್ತೆ ನೆಡೋಣ ಅಜ್ಜಾ” ಎಂದಳು, ಅಷ್ಟೆ.

ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಎರಡು ನೇರಳೆ ಸಸಿ ನೆಟ್ಟೆ. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದೆ. ಅವು ಬೆಳೆದು ಆಚೆಯ ಕೊಂಬೆಗಳನ್ನು ಮುಟ್ಟುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ, ಅವಳಂತೂ ಇರುತ್ತಾಳೆ.

ಫೋನ್ ಮಾಡಿದಾಗೆಲ್ಲ ಅವಳ ಮೊದಲ ಪ್ರಶ್ನೆ ಒಂದೇ: “ಎಷ್ಟೆತ್ತರ ಆಯ್ತು ಅಜ್ಜಾ?”

ಸದ್ಯಕ್ಕೆ ನನ್ನ ಮೊಣಕಾಲಿನಷ್ಟು.